ಮಹಾಭಾರತದಲ್ಲಿ ನಿಜವಾಗಿ ಕಾನೂನು ಇದೆಯೇ, ಅಥವಾ ಬರೀ ನೀತಿಬೋಧೆಯೇ? ಇದ್ದರೆ ಯಾವ ಭಾಗ ಓದಬೇಕು?

ಇದೆ, ಧಾರಾಳವಾಗಿ ಇದೆ. ಆದರೆ ಎಲ್ಲರೂ ಹುಡುಕುವ ಜಾಗದಲ್ಲಿ ಹುಡುಕಿದರೆ ನಿಮಗೆ ನಿದ್ದೆ ಬಂದೀತು. ನಾನು ಸಂಸ್ಕೃತ ವಿದ್ವಾಂಸನಲ್ಲ, ಸಿವಿಲ್ ದಾವೆಗಳನ್ನು ನಡೆಸುವ ವಕೀಲ. ಹಾಗಾಗಿ ತಕರಾರು ಎಲ್ಲಿದೆಯೋ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಸಾಮಾನ್ಯವಾಗಿ ಜನ ಶಾಂತಿಪರ್ವವನ್ನು ತೋರಿಸುತ್ತಾರೆ. ಅಲ್ಲಿ ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನಿಗೆ ಗೊತ್ತಿಲ್ಲದ ಧರ್ಮವೇ ಇಲ್ಲ. ಅದೇ ಭೀಷ್ಮ, ಕಣ್ಣೆದುರು ಒಂದು ವ್ಯಾಜ್ಯ ಬಂದು ನಿಂತಾಗ ಏನು ಮಾಡಿದ ಎಂಬುದು ಸಭಾಪರ್ವದಲ್ಲಿದೆ. ನನ್ನ ಮಟ್ಟಿಗೆ ಮಹಾಭಾರತದ ಕಾನೂನು ಶುರುವಾಗುವುದು ಅಲ್ಲಿಂದ.

ಜೂಜಿನ ಕಥೆ ನಿಮಗೆ ಗೊತ್ತು. ದ್ರೌಪದಿಯನ್ನು ಕರೆತರಲು ದುರ್ಯೋಧನ ಪ್ರಾತಿಕಾಮಿಯೆಂಬ ಸೂತನನ್ನು ಕಳಿಸುತ್ತಾನೆ. ಆಕೆ ಅವನನ್ನು ಬಂದ ದಾರಿಯಲ್ಲೇ ತಿರುಗಿಸುತ್ತಾಳೆ: ಹೋಗಿ ಆ ಜೂಜುಗಾರನನ್ನು ಕೇಳು, ಅವನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಮೊದಲು ಸೋತಿದ್ದರೆ ಯುಧಿಷ್ಠಿರ ಆಗಲೇ ದಾಸ. ದಾಸನಿಗೆ ಸ್ವಂತದ್ದೆಂಬುದು ಏನೂ ಇಲ್ಲ. ಇಲ್ಲದ ಹಕ್ಕಿನ ಮೇಲೆ ಪಣ ಒಡ್ಡುವುದು ಹೇಗೆ? ಯುಧಿಷ್ಠಿರ ಉತ್ತರ ಕೊಡುವುದಿಲ್ಲ. ಭೀಷ್ಮ ಎರಡೂ ಕಡೆ ನೋಡುತ್ತಾನೆ: ಸ್ವತ್ತಿಲ್ಲದವನು ಪರರ ಸ್ವತ್ತನ್ನು ಪಣಕ್ಕಿಡಲಾರ, ಸರಿ, ಆದರೆ ಹೆಂಡತಿ ಗಂಡನ ವಶದಲ್ಲಿರುವವಳು. ಧರ್ಮ ಬಹಳ ಸೂಕ್ಷ್ಮವಮ್ಮ, ನಿನ್ನ ಪ್ರಶ್ನೆಯನ್ನು ಬಿಡಿಸಲಾರೆ ಎಂದು ಕೈಚೆಲ್ಲುತ್ತಾನೆ.

ಆಗ ಎದ್ದು ನಿಲ್ಲುವವನು ವಿಕರ್ಣ. ಕೌರವರಲ್ಲೇ ಒಬ್ಬ, ದುರ್ಯೋಧನನ ತಮ್ಮ. ಹಿರಿಯರು ಬಾಯಿ ಬಿಡಲಿ ಎಂದು ಕೇಳಿಕೊಂಡು, ಯಾರೂ ಬಿಡದಿದ್ದಾಗ ತಾನೇ ವಾದ ಮಂಡಿಸುತ್ತಾನೆ. ಬೇಟೆ, ಕುಡಿತ, ಜೂಜು, ಕಾಮ ಇವು ರಾಜರ ವ್ಯಸನಗಳು, ವ್ಯಸನದ ಮತ್ತಿನಲ್ಲಿ ಮಾಡಿದ್ದನ್ನು ಲೋಕ ಮಾಡಿದ್ದೆಂದು ಎಣಿಸುವುದಿಲ್ಲ. ಈಕೆ ಐವರಿಗೂ ಹೆಂಡತಿ, ಒಬ್ಬನು ಪಣಕ್ಕಿಡುವಂತಿಲ್ಲ. ಇಡುವ ಮೊದಲೇ ಅವನು ತನ್ನನ್ನು ಸೋತಿದ್ದ. ಆಕೆಯ ಹೆಸರೆತ್ತಿದ್ದೇ ಎದುರಾಳಿ ಶಕುನಿ. ಆದ್ದರಿಂದ ಈಕೆ ಗೆದ್ದ ಸೊತ್ತಲ್ಲ. ಇಂದಿನ ಕಚೇರಿಯಲ್ಲೂ ಈ ವಾದ ಹೀಗೇ ನಿಲ್ಲುತ್ತದೆ: ಅಣ್ಣತಮ್ಮಂದಿರ ಜಂಟಿ ಜಮೀನನ್ನು ಒಬ್ಬನೇ ಪೂರ್ತಿ ಕ್ರಯಕ್ಕೆ ಬರೆದುಕೊಟ್ಟರೆ ಉಳಿದವರ ಹಿಸ್ಸೆ ಹೋಗುವುದಿಲ್ಲ. (ಹೆಂಡತಿಯನ್ನು ಜಮೀನಿನ ಸಾಲಿಗೆ ತರಬೇಕಾಗಿ ಬಂದದ್ದೇ ಆ ಸಭೆಯ ಹೀನಾಯ ಸ್ಥಿತಿ. ಅದನ್ನೂ ಗಮನಿಸಿ.) ಜೂಜಿನ ಕರಾರಂತೂ 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಅನೂರ್ಜಿತ.

ಕರ್ಣನ ಉತ್ತರವೂ ಸಾಮಾನ್ಯದ್ದಲ್ಲ. ಸರ್ವಸ್ವವನ್ನೂ ಪಣಕ್ಕಿಟ್ಟ ಮೇಲೆ ಅದರೊಳಗೆ ಈಕೆಯೂ ಬಂದಳು. ಹೆಸರು ಹಿಡಿದು ಪಣ ಹೇಳಿದಾಗ ಪಾಂಡವರೆಲ್ಲ ಒಪ್ಪಿ ಕುಳಿತಿದ್ದರು, ಈಗ ತಗಾದೆ ತೆಗೆಯುವುದೇಕೆ ಎನ್ನುತ್ತಾನೆ. ಅಲ್ಲಿಯವರೆಗೆ ಅದು ವಾದ. ಅಲ್ಲಿಂದ ಮುಂದೆ ದ್ರೌಪದಿಯ ಬಗ್ಗೆ ಅವನಾಡುವುದು ಬರೀ ಹೊಲಸು.

ವಿದುರ ಹಿಡಿಯುವುದು ಬೇರೆಯೇ ಎಳೆ. ಪ್ರಶ್ನೆಗೆ ಉತ್ತರ ಕೊಡದೆ ಕುಳಿತ ಸಭೆಯ ಗತಿಯೇನು? ಅವನು ಪ್ರಹ್ಲಾದನ ಕಥೆ ಹೇಳುತ್ತಾನೆ. ಪ್ರಹ್ಲಾದನ ಮಗ ವಿರೋಚನನೂ ಅಂಗಿರಸ ವಂಶದ ಸುಧನ್ವನೂ ತಮ್ಮಲ್ಲಿ ಯಾರು ಶ್ರೇಷ್ಠ ಎಂದು ಪ್ರಾಣವನ್ನೇ ಪಣವಿಟ್ಟು ಪ್ರಹ್ಲಾದನಲ್ಲಿಗೆ ಬರುತ್ತಾರೆ. ತೀರ್ಪು ಹೇಳಬೇಕಾದವನ ಮಗನೇ ಕಕ್ಷಿದಾರ! ಪ್ರಹ್ಲಾದ ಕಶ್ಯಪನನ್ನು ಕೇಳಿದಾಗ ಸಿಗುವ ಉತ್ತರ ಲೆಕ್ಕಪತ್ರದಷ್ಟು ಖಚಿತ: ನಿಂದ್ಯವಾದದ್ದನ್ನು ಸಭೆ ನಿಂದಿಸದಿದ್ದರೆ, ಪಾಪದಲ್ಲಿ ಅರ್ಧ ಸಭೆಯ ಮುಖ್ಯಸ್ಥನಿಗೆ, ಕಾಲು ಮಾಡಿದವನಿಗೆ, ಇನ್ನೊಂದು ಕಾಲು ಸುಮ್ಮನೆ ಕುಳಿತ ಸಭಾಸದರಿಗೆ. ನಿಂದಿಸಿದರೆ ಉಳಿದವರು ಪಾರು, ಪಾಪವೆಲ್ಲ ಮಾಡಿದವನ ತಲೆಗೆ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲೂ ಇಂಥದೇ ಹಂಚಿಕೆ ಇದೆ, ಆದರೆ ಅಲ್ಲಿ ಮಾಡಿದವನು, ಸಾಕ್ಷಿ, ಸಭಾಸದರು, ರಾಜ ಎಲ್ಲರಿಗೂ ಸಮನಾಗಿ ಕಾಲು ಕಾಲು. ಮಹಾಭಾರತ ಪೀಠದಲ್ಲಿ ಕೂತವನಿಗೇ ಅರ್ಧ ಹೊರಿಸುತ್ತದೆ. ಆ ಹೊತ್ತು ಪೀಠದಲ್ಲಿದ್ದವನು ಧೃತರಾಷ್ಟ್ರ.

ಕಡೆಗೂ ತೀರ್ಪು ಬರುವುದಿಲ್ಲ. ತನ್ನನ್ನೇ ಸೋತವನು ಯಾರಿಗೆ ಒಡೆಯ, ಕುರುಗಳೇ ಹೇಳಿ ಎಂದು ಅರ್ಜುನ ಕೇಳುತ್ತಾನೆ. ಧೃತರಾಷ್ಟ್ರನ ಅಗ್ನಿಹೋತ್ರದ ಮನೆಯಲ್ಲಿ ನರಿ ಊಳಿಡುತ್ತದೆ. ಮುದುಕ ಹೆದರಿ ಸೊಸೆಗೆ ವರ ಕೇಳು ಎನ್ನುತ್ತಾನೆ. ಈಗ ದ್ರೌಪದಿ ಕೇಳುವುದನ್ನು ನಿಧಾನವಾಗಿ ಓದಿ. ಮೊದಲ ವರಕ್ಕೆ ಯುಧಿಷ್ಠಿರ ದಾಸ್ಯದಿಂದ ಬಿಡುಗಡೆಯಾಗಲಿ. ಎರಡನೆಯದಕ್ಕೆ ಉಳಿದ ನಾಲ್ವರು ರಥ, ಬಿಲ್ಲುಗಳ ಸಮೇತ ಬಿಡುಗಡೆಯಾಗಲಿ. ಮೂರನೆಯದು ಬೇಡ, ಲೋಭ ಧರ್ಮವನ್ನು ಕೆಡಿಸುತ್ತದೆ. ತನ್ನ ಬಿಡುಗಡೆಯನ್ನು ಆಕೆ ಕೇಳುವುದೇ ಇಲ್ಲ! ಕೇಳಿದ್ದರೆ ಅಷ್ಟು ಹೊತ್ತು ತಾನು ದಾಸಿಯಾಗಿದ್ದೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಇದು ನನ್ನ ಓದು, ಬೇರೆಯವರು ಬೇರೆ ರೀತಿ ಹೇಳಬಹುದು. ಆದರೆ ಕಕ್ಷಿದಾರರು ಇಷ್ಟು ಎಚ್ಚರದಿಂದ ಮಾತಾಡಿದರೆ ವಕೀಲರ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಪ್ರಸಂಗ ಆದಿಪರ್ವದ ಅಣಿಮಾಂಡವ್ಯನದು. ಕಳ್ಳರು ಆಶ್ರಮದಲ್ಲಿ ಮಾಲು ಬಚ್ಚಿಟ್ಟದ್ದಕ್ಕೆ, ಮೌನವ್ರತದಲ್ಲಿದ್ದ ಮುನಿಯನ್ನು ರಾಜನ ಕಡೆಯವರು ಶೂಲಕ್ಕೇರಿಸುತ್ತಾರೆ. ಯಾವ ತಪ್ಪಿಗೆ ಈ ಶಿಕ್ಷೆ ಎಂದು ಅವನು ಧರ್ಮದೇವತೆಯಾದ ಧರ್ಮನನ್ನೇ ಕೇಳುತ್ತಾನೆ. ಹುಡುಗನಾಗಿದ್ದಾಗ ನೀನು ಹುಳುಗಳ ಬಾಲಕ್ಕೆ ಕಡ್ಡಿ ಚುಚ್ಚಿದ್ದೆ ಎಂಬ ಉತ್ತರ ಬರುತ್ತದೆ. ಅಷ್ಟು ಸಣ್ಣ ತಪ್ಪಿಗೆ ಇಷ್ಟು ಶಿಕ್ಷೆಯೇ ಎಂದು ಸಿಟ್ಟಾಗಿ, ಧರ್ಮನಿಗೆ ಮನುಷ್ಯನಾಗಿ ಹುಟ್ಟುವ ಶಾಪ ಕೊಟ್ಟು, ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಲ್ಲ ಎಂದು ಹೊಸ ಮೇರೆಯನ್ನೂ ಹಾಕುತ್ತಾನೆ. ಇಂದಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ; ಏಳರಿಂದ ಹನ್ನೆರಡರವರೆಗೆ ಮಗುವಿನ ತಿಳಿವಳಿಕೆ ನೋಡಿ ತೀರ್ಮಾನ. ಶಾಪಗ್ರಸ್ತನಾದ ಆ ಧರ್ಮ ಹುಟ್ಟಿದ್ದು ವಿದುರನಾಗಿ. ತಪ್ಪು ತೀರ್ಪಿನ ಬೆಲೆ ತೆತ್ತವನೇ ಕುರುಸಭೆಯಲ್ಲಿ ತೀರ್ಪು ಹೇಳಿ ಎಂದು ಅಂಗಲಾಚಿದವನು.

ಓದುವ ಕ್ರಮಕ್ಕೆ ಬಂದರೆ, ಸಭಾಪರ್ವದ ದ್ಯೂತ ಪ್ರಕರಣ ಮೊದಲು, ಆಮೇಲೆ ಅಣಿಮಾಂಡವ್ಯ. ಶಾಂತಿಪರ್ವಕ್ಕೆ ಹೋದಾಗ ಆರಂಭದಲ್ಲೇ ಬರುವ ಶಂಖ-ಲಿಖಿತರ ಕಥೆ ತಪ್ಪಿಸಬೇಡಿ. ಅಣ್ಣನ ತೋಟದ ಹಣ್ಣನ್ನು ಕೇಳದೆ ತಿಂದ ಲಿಖಿತ ತಾನೇ ರಾಜನ ಬಳಿ ಹೋಗಿ ಕೈ ಕಡಿಸಿಕೊಳ್ಳುತ್ತಾನೆ. ಅಣ್ಣ ತಪಸ್ಸಿನ ಬಲದಿಂದ ಕೈ ಮರಳಿಸಬಲ್ಲವನಾಗಿದ್ದರೂ ಶಿಕ್ಷಿಸುವ ಅಧಿಕಾರ ತನಗಿಲ್ಲ ಎನ್ನುತ್ತಾನೆ. ಅದರ ನಂತರ ರಾಜಧರ್ಮ, ಆಪದ್ಧರ್ಮದ ಭಾಗಗಳನ್ನು ಓದಿ. ನಿಮ್ಮ ಪ್ರಶ್ನೆಯ ಮಟ್ಟಿಗೆ ಮೋಕ್ಷಧರ್ಮವನ್ನು ಸದ್ಯಕ್ಕೆ ಬಿಡಬಹುದು.