ನುಡಿ ಪ್ರಶ್ನೋತ್ತರ: ‘ಸಹಾಯ’ ಸವೆದು ‘ನಾನು’ ಆಯಿತು

ಪ್ರಶ್ನೆ: ನನ್ನ ಮಗ ಜಕಾರ್ತಾದಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ‘ನಾನು’ ಅನ್ನೋದಕ್ಕೆ ಅಕು, ಸಾಯಾ, ಗುವಾ ಅಂತ ಮೂರು ಪದ ಕೇಳಿದ್ದಾನಂತೆ. ಒಬ್ಬ ಮನುಷ್ಯನಿಗೆ ಇಷ್ಟೊಂದು ‘ನಾನು’ ಯಾಕೆ ಬೇಕು?
– ಓದುಗರೊಬ್ಬರು, ಜಮಖಂಡಿ

ಉತ್ತರ: ಮೂರರಲ್ಲಿ ಹಳೆಯದು ‘ಅಕು’. ಅದೊಂದೇ ಆ ನೆಲದ ಸ್ವಂತ ಪದ. ಇಂಡೊನೇಷ್ಯಾದ ಭಾಷೆ ಆಸ್ಟ್ರೋನೇಷ್ಯನ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಆ ಕುಟುಂಬದಲ್ಲಿ ಸುಮಾರು 1,200 ಭಾಷೆಗಳಿವೆ. ತೈವಾನ್‌ನಿಂದ ಹೊರಟ ಜನ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಈ ಭಾಷೆಗಳನ್ನು ಹರಡಿದರು ಅಂತ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಹೋದಲ್ಲೆಲ್ಲ ‘ಅಕು’ವನ್ನೂ ಒಯ್ದರು. ಫಿಲಿಪ್ಪೀನ್ಸ್‌ನ ಟಗಾಲೊಗ್‌ನಲ್ಲಿ ಅದು ‘ಅಕೊ’. ಮಡಗಾಸ್ಕರ್‌ನಲ್ಲಿ ‘ಅಹೊ’. ನ್ಯೂಜಿಲೆಂಡ್‌ನ ಮಾವೊರಿಗಳ ಬಾಯಲ್ಲಿ ಬರೀ ‘ಔ’.

‘ಸಾಯಾ’ ಕಥೆಯೇ ಬೇರೆ. ಅದು ನಮ್ಮ ‘ಸಹಾಯ’! ಸಂಸ್ಕೃತದಲ್ಲಿ ಸಹಾಯ ಅಂದರೆ ನೆರವು ಮಾತ್ರವಲ್ಲ, ಜೊತೆಗೆ ಹೋಗುವವನು, ಸಂಗಡಿಗ ಅಂತಲೂ ಇದೆ. ಇಂಡೊನೇಷ್ಯಾದ ಭಾಷೆಗೆ ಮೂಲವಾದ ಮಲಯ್‌ಗೆ ಹೋದ ಮೇಲೆ ಆ ಸಂಗಡಿಗ ಆಳಾದ. ‘ಹಂಬ ಸಹಾಯ’ ಅಂತ ಜೋಡಿ ಪದವೇ ಇದೆ, ‘ಹಂಬ’ ಅಂದರೂ ಆಳೇ. ನಾವು ‘ಆಳುಕಾಳು’ ಅನ್ನುವ ಹಾಗೆ. ದೊಡ್ಡವರ ಮುಂದೆ ನಿಂತವನು ‘ನಾನು’ ಅನ್ನಲು ಹಿಂಜರಿದು ‘ನಿಮ್ಮ ಆಳು’ ಅಂದ. ಅಂದು ಅಂದು ‘ಸಹಾಯ’ ಸವೆದು ‘ಸಾಯಾ’ ಆಯಿತು. ಈಗ ಅದರಲ್ಲಿ ಆಳಿನ ವಾಸನೆ ಒಂಚೂರೂ ಉಳಿದಿಲ್ಲ. ಮಂತ್ರಿಯೂ ‘ಸಾಯಾ’, ಜವಾನನೂ ‘ಸಾಯಾ’.

ಇದು ಅಲ್ಲಿ ಒಂದೇ ಸಲ ನಡೆದದ್ದಲ್ಲ. ಜಾವಾದ ಜನ ಗೌರವದ ಮಾತಿನಲ್ಲಿ ‘ಕುಲ’ ಅನ್ನುತ್ತಾರೆ. ಅದು ‘ಕವುಲ’, ಅಂದರೆ ಸೇವಕ ಎಂಬ ಪದದ ಚಿಕ್ಕ ರೂಪ. ಪಕ್ಕದ ಸುಂದಾ ಸೀಮೆಯವರು ‘ಅಬ್ದಿ’ ಅನ್ನುತ್ತಾರೆ. ಅಬ್ದುಲ್ ಎಂಬ ಹೆಸರಿನಲ್ಲಿರುವ ‘ಅಬ್ದ್’ ಇದೇ. ಅರಬ್ಬಿಯಲ್ಲಿ ಸೇವಕ ಅಂತ ಅರ್ಥ. ಒಂದು ಸಂಸ್ಕೃತದ್ದು, ಒಂದು ಮನೆಯದು, ಒಂದು ಅರಬ್ಬಿಯದು. ಮೂರೂ ಕಡೆ ಆಳೇ ‘ನಾನು’ ಆದ. ನಾವೂ ರಜೆ ಅರ್ಜಿಯ ಕೊನೆಗೆ ‘ಇಂತಿ ತಮ್ಮ ವಿಧೇಯ’ ಅಂತ ಬರೆದವರೇ ಅಲ್ವಾ? ನಮ್ಮಲ್ಲಿ ಅದು ಕಾಗದದ ಮೇಲೇ ನಿಂತಿತು. ಅಲ್ಲಿ ನಾಲಿಗೆಗೆ ಇಳಿಯಿತು.

‘ಗುವಾ’ ಚೀನಾದ ಹೊಕ್ಕಿಯನ್ ಮಾತಿನಿಂದ ಬಂದದ್ದು. ಆ ಮಾತಾಡುವ ವ್ಯಾಪಾರಿಗಳು ಜಕಾರ್ತಾದಲ್ಲಿ ಬಹಳ ಹಿಂದೆಯೇ ನೆಲೆಸಿದ್ದರು. ಗೆಳೆಯರ ನಡುವಿನ ಸಲಿಗೆಯ ಪದ ಅದು.

ಪ್ರಶ್ನೆ: ಮಡಗಾಸ್ಕರ್‌ನ ‘ಅಹೊ’, ಸಂಸ್ಕೃತದ ‘ಅಹಂ’ ಎರಡೂ ‘ನಾನು’. ‘ಸಾಯಾ’ ಸಂಸ್ಕೃತದ್ದಾದರೆ ಇದೂ ಅದೇ ಇರಬೇಕಲ್ಲವೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಅಲ್ಲ. ಕಿವಿಗೆ ಒಂದೇ ಥರ ಕೇಳಿತು ಅಂತ ನೆಂಟಸ್ತನ ಕಟ್ಟಬಾರದು. ಅಕ್ಕಪಕ್ಕದ ಪದಗಳನ್ನೂ ಕೇಳಬೇಕು. ಮಲಯ್‌ನಲ್ಲಿ ಮರಕ್ಕೆ ‘ಕಾಯು’, ಮಡಗಾಸ್ಕರ್‌ನಲ್ಲಿ ‘ಹಾಜು’. ಚರ್ಮಕ್ಕೆ ಅಲ್ಲಿ ‘ಕುಲಿತ್’, ಇಲ್ಲಿ ‘ಹುಡಿಟ್ರ’. ನೋಡಿ, ‘ಕ’ ಇದ್ದಲ್ಲೆಲ್ಲ ‘ಹ’ ಬಂದಿದೆ. ಹಾಗಾಗಿ ‘ಅಕು’ ‘ಅಹೊ’ ಆಗಲೇಬೇಕಿತ್ತು. ಹಳಗನ್ನಡದ ಪಾಲು ನಮ್ಮ ಹಾಲು ಆದ ಹಾಗೆ, ಪುಲಿ ಹುಲಿ ಆದ ಹಾಗೆ. ಒಂದು ಪದ ಹೊಂದಿದರೆ ಅದು ಆಕಸ್ಮಿಕ. ಸಾಲಾಗಿ ಹೊಂದಿದರೆ ಅದು ರಕ್ತಸಂಬಂಧ. ಮಡಗಾಸ್ಕರ್ ಆಫ್ರಿಕಾದ ಮಗ್ಗುಲಲ್ಲಿದ್ದರೂ ಅದರ ಭಾಷೆಯ ಹತ್ತಿರದ ಬಂಧುಗಳು ಇರುವುದು ದೂರದ ಬೊರ್ನಿಯೊದಲ್ಲಿ. ಇಡೀ ಹಿಂದೂ ಮಹಾಸಾಗರವನ್ನು ಆ ಜನ ಆ ಕಾಲದಲ್ಲಿ ದಾಟಿದ್ದರು ಅಂತ ನೆನೆದಾಗೆಲ್ಲ ನನಗೆ ಮೈ ಝುಮ್ಮೆನ್ನುತ್ತದೆ.

ಪ್ರಶ್ನೆ: ಇಂಡೊನೇಷ್ಯಾದವರಿಗೆ ‘ನಾವು’ ಕೂಡ ಎರಡು ಇವೆಯಂತೆ. ಹೌದೇ?
– ಓದುಗರೊಬ್ಬರು, ಖಾನಾಪುರ

ಉತ್ತರ: ಖಾನಾಪುರದವರು ನನ್ನನ್ನು ಕೇಳಬೇಕೇ? ನಿಮ್ಮ ಓಣಿಯಲ್ಲೇ ಇದೆ ಉತ್ತರ!

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯವರು ಮರಾಠಿ ಮಾತಾಡುತ್ತಿದ್ದರು. ನನಗಾಗ ಏಳೆಂಟು ವರ್ಷ. ಒಂದು ಸಂಜೆ ಆ ಮನೆಯ ಕಾಕು ಕಟ್ಟೆಯ ಮೇಲೆ ಕೂತು, ‘ಆಮ್ಹೀ ಉದ್ಯಾ ಸೌಂದತ್ತೀಲಾ ಜಾಣಾರ್’ ಅಂದರು. ನಾಳೆ ನಾವು ಸವದತ್ತಿಗೆ ಹೋಗುತ್ತೇವೆ ಅಂತ. ‘ನಾವು’ ಅಂದರೆ ನಾನೂ ಸೇರಿದೆ ಅಂದುಕೊಂಡೆ. ಬೆಳಗ್ಗೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಅವರ ಬಾಗಿಲಿಗೆ ಹೋದೆ. ಬೀಗ ಹಾಕಿತ್ತು. ಅವ್ವ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದಳು: ‘ಆಮ್ಹೀ ಅಂದ್ರ ಅವರಷ್ಟ. ಆಪಣ್ ಅಂದಿದ್ರ ನೀನೂ ಬರ್ತಿದ್ದಿ.’ ಅವ್ವ ಶಾಲೆ ಕಂಡವಳಲ್ಲ. ನನಗೆ ವ್ಯಾಕರಣದ ಮೊದಲ ಪಾಠ ಅವಳದೇ.

ಇಂಡೊನೇಷ್ಯಾದಲ್ಲಿ ‘ಕಿತಾ’ ಅಂದರೆ ಆಪಣ್, ಕೇಳುವವನೂ ಸೇರಿ. ‘ಕಾಮಿ’ ಅಂದರೆ ಆಮ್ಹೀ, ಕೇಳುವವನನ್ನು ಬಿಟ್ಟು. ಎರಡೂ ಆಸ್ಟ್ರೋನೇಷ್ಯನ್ ಕುಟುಂಬದ ಮೂಲ ಭಾಷೆಯಿಂದಲೇ ಬಂದವು. 1945ರ ಆಗಸ್ಟ್ 17ರಂದು ಸುಕರ್ಣೊ ಓದಿದ ಸ್ವಾತಂತ್ರ್ಯ ಘೋಷಣೆ ಶುರುವಾಗುವುದೇ ‘ಕಾಮಿ’ಯಿಂದ. ‘ಇಂಡೊನೇಷ್ಯಾದ ಜನರಾದ ನಾವು’ ಅಂತ ಜಗತ್ತಿಗೆ ಸಾರುವ ಮಾತು ಅದು. ಕೇಳುತ್ತಿದ್ದ ಜಗತ್ತು ಆ ‘ನಾವು’ವಿನ ಹೊರಗಿತ್ತು. ಕ್ರೈಸ್ತರು ‘ನಮ್ಮ ತಂದೆಯೇ’ ಅಂತ ಪ್ರಾರ್ಥಿಸುವಾಗಲೂ ಅಲ್ಲಿ ‘ಬಾಪ ಕಾಮಿ’. ದೇವರನ್ನು ‘ಕಿತಾ’ಕ್ಕೆ ಸೇರಿಸಿದರೆ ದೇವರಿಗೂ ಒಬ್ಬ ತಂದೆ ಇದ್ದ ಹಾಗಾಗುತ್ತದೆ.

ಮಾವೊರಿಯಲ್ಲಿ ಇನ್ನೊಂದು ಸೊಗಸಿದೆ. ಎಲ್ಲರೂ ಸೇರಿದ ‘ನಾವು’ಗೆ ‘ತಾತೌ’ ಅನ್ನುತ್ತಾರೆ. ಅದರ ಕೊನೆಯ ‘ತೌ’ ಮೂರು ಎಂಬ ಸಂಖ್ಯೆ ಸವೆದು ಉಳಿದದ್ದು. ಇಬ್ಬರೇ ಇದ್ದರೆ ಬೇರೆ ಪದ, ಅದರಲ್ಲಿ ಎರಡು ಅಡಗಿದೆ.

ದ್ರಾವಿಡ ಭಾಷೆಗಳಲ್ಲೂ ಈ ಭೇದ ಇದೆ. ತಮಿಳರಿಗೆ ನಾಮ್, ನಾಂಗಳ್. ತೆಲುಗರಿಗೆ ಮನಂ, ಮೇಮು. ತುಳುವರಿಗೆ ನಮ, ಎಂಕುಳು. ಹಿಂದಿಯ ‘ಹಮ್’ನಲ್ಲಿ ಇಲ್ಲದ ಈ ಭೇದ ಮರಾಠಿಗೆ ಬಂದದ್ದು ದ್ರಾವಿಡ ನೆರೆಹೊರೆಯಿಂದ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ನಾವು ಕನ್ನಡಿಗರು ಮಾತ್ರ ಈಗ ಒಂದೇ ‘ನಾವು’ವಿನಲ್ಲಿ ಎಲ್ಲ ಸಾಗಿಸುತ್ತೇವೆ. ನನಗೆ ಅದರ ಬಗ್ಗೆ ಸ್ವಲ್ಪ ಬೇಜಾರೇ ಇದೆ.

ಪ್ರಶ್ನೆ: ಮುಂದಿನ ತಿಂಗಳು ಬಾಲಿಗೆ ಹೋಗುತ್ತಿದ್ದೇವೆ. ಯಾವ ‘ನಾನು’ ಬಳಸಲಿ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಸುಮ್ನೆ ‘ಸಾಯಾ’ ಅನ್ನಿ, ಎಲ್ಲ ಕಡೆ ನಡೆಯುತ್ತದೆ. ‘ನೀವು’ ಅನ್ನಬೇಕಾದಲ್ಲಿ ಗಂಡಸರಿಗೆ ‘ಬಾಪಾಕ್’, ಹೆಂಗಸರಿಗೆ ‘ಇಬು’ ಅನ್ನಿ. ಅಪ್ಪ, ಅವ್ವ ಅಂತ ಅರ್ಥ. ಗುರುತಿಲ್ಲದವರನ್ನೂ ಅಣ್ಣಾರ, ಅಕ್ಕಾರ ಅಂತ ಕರೆಯುವ ನಿಮಗೆ ಅದು ಕಷ್ಟವಾಗುವುದಿಲ್ಲ.