ಬೋಟ್ ನಿಂತಾಗ ಮಂಗಳೂರಿನಲ್ಲಿ ಏನು ನೋಡೋದು?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನಿಮ್ಮ ಲೇಖನ ಓದಿ ಜುಲೈ ಕೊನೆಗೆ ಅಮ್ಮ, ಮಕ್ಕಳ ಜೊತೆ ಮಂಗಳೂರಿಗೆ ಹೋದೆವು. ಭಾನುವಾರ ತಣ್ಣೀರುಬಾವಿ ಬೀಚಿಗೆ ಬೋಟ್ ಇಲ್ಲ, ಪಣಂಬೂರು ಬೀಚಿನಲ್ಲಿ ನೀರಿನ ಹತ್ತಿರ ಬಿಡಲಿಲ್ಲ. ಸೋಮವಾರ ಪಿಲಿಕುಳದ ಗೇಟು ಮುಚ್ಚಿತ್ತು. ಮಧ್ಯಾಹ್ನ ದೇವಸ್ಥಾನಕ್ಕೆ ಹೋದರೆ ಅಲ್ಲೂ ಬಾಗಿಲು. ಅಮ್ಮ ರೂಮಿನ ಕಿಟಕಿ ಪಕ್ಕ ಕೂತು ಮಳೆ ನೋಡಿದ್ದೇ ಬಂತು. ಮಳೆಗಾಲದಲ್ಲಿ ಅಲ್ಲಿ ನೋಡೋದಕ್ಕೆ ಏನಾದರೂ ಇದೆಯಾ?"

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಪಿಲಿಕುಳದ ಪ್ರಾಣಿಗಳ ಪಾರ್ಕಿಗೆ ಸೋಮವಾರ ರಜೆ ಅಂತ ಲೇಖಕರು ಬರೆದುಕೊಟ್ಟಿದ್ದರು, ಜಾಗ ಸಾಲಲಿಲ್ಲ ಅಂತ ಆ ಸಾಲು ತೆಗೆದದ್ದು ನಾನು. ಮಕ್ಕಳನ್ನು ಕರೆದುಕೊಂಡು ಮಳೆಯಲ್ಲಿ ಅಷ್ಟು ದೂರ ಹೋದಿರಲ್ಲ, ಕ್ಷಮಿಸಿ.

ಬೋಟಿನ ವಿಷಯ ಬೇರೆ. ನಾನೂ ಒಂದು ಜುಲೈಯಲ್ಲಿ, ತಣ್ಣೀರುಬಾವಿಗೆ ಹೊಳೆ ದಾಟಿಸುವ ಬೋಟ್ ಹೊರಡುವ ಬೋಳೂರಿನ ಕಟ್ಟೆಯ ಮೇಲೆ ನಿಂತಿದ್ದೆ. ಬೋಟ್ ಯಾವಾಗ ಹೊರಡುತ್ತೆ ಅಂತ ಕೇಳಿದರೆ ಬೋಟಿನವರು ಮಾತಾಡಲಿಲ್ಲ, ಹೊಳೆ ಕಡೆ ಕೈ ತೋರಿಸಿದರು. ಕೆಂಪು ನೀರು. ಒಂದು ತೆಂಗಿನಕಾಯಿ, ಅದರ ಹಿಂದೆ ಬೇರು ಸಮೇತ ಒಂದು ಬಾಳೆಗಿಡ, ನಾವು ಓಡಿದರೂ ಹಿಡಿಯಲಾಗದ ವೇಗದಲ್ಲಿ ಅಳಿವೆಬಾಗಿಲಿನ, ಅಂದರೆ ಹೊಳೆ ಕಡಲು ಸೇರುವ ಜಾಗದ ಕಡೆ ಹೋಗುತ್ತಿದ್ದವು. ಮೀನುಗಾರರ ದೊಡ್ಡ ಟ್ರಾಲ್ ಬೋಟುಗಳೇ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿ ಕಟ್ಟಿರುತ್ತವೆ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಜೋರು. ಹಾಗಿರುವಾಗ ಮಕ್ಕಳನ್ನು ಹತ್ತಿಸಿಕೊಳ್ಳದೆ ಇದ್ದದ್ದೇ ಸರಿ ಅಲ್ವಾ?

ಆದರೆ ಅಲ್ಲಿಂದ ಹಾಗೇ ವಾಪಸ್ ಬಂದಿರಿ ಅಂತ ಕಾಣುತ್ತೆ. ಪಕ್ಕದಲ್ಲೇ ಸುಲ್ತಾನ್ ಬತ್ತೇರಿ ಇದೆ. ಗುರುಪುರ ಹೊಳೆಯೊಳಗೆ ಯುದ್ಧದ ಹಡಗು ನುಗ್ಗಬಾರದು ಅಂತ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು. ಅದರ ಫಿರಂಗಿ ಕಿಂಡಿಯಿಂದ ತುಂಬಿದ ಹೊಳೆ ನೋಡಿದರೆ, ಆ ಜಾಗವನ್ನೇ ಯಾಕೆ ಆರಿಸಿದರು ಅಂತ ಮಕ್ಕಳಿಗೂ ತಿಳಿಯುತ್ತದೆ.

ಮಳೆಗಾಲದಲ್ಲಿ ಕಡಲಿಗೆ ಬೆನ್ನು ಹಾಕಿ, ಒಳನಾಡಿನ ಕಡೆ ಹೋಗಿ. ಮೂಡುಬಿದಿರೆ ಸುಮಾರು 35 ಕಿಲೋಮೀಟರ್. 1430ರ ಸಾವಿರ ಕಂಬದ ಬಸದಿಯನ್ನು ಮಳೆಯಲ್ಲೇ ನೋಡಬೇಕು ಅನ್ನೋದು ನನ್ನ ಹಠ. ಬಿಸಿಲಲ್ಲಿ ಎಲ್ಲರೂ ಕಂಬ ಎಣಿಸುತ್ತಾರೆ, ಮಾಡನ್ನು, ಅಂದರೆ ಮೇಲಿನ ಸೂರನ್ನು, ಯಾರೂ ನೋಡೋದಿಲ್ಲ. ನಮ್ಮ ಕಡೆ ಹೆಂಚಿನ ಮನೆಗಳಿಗೆ ಇರುವ ಹಾಗೇ ಇಳಿಜಾರು ಮಾಡು, ಆದರೆ ಕೆಳಗಿನ ಅಂತಸ್ತಿನದು ಕಲ್ಲು ಚಪ್ಪಡಿಯದು. ಮಳೆ ಬಿದ್ದಾಗ ಅದರ ಅಂಚಿನಿಂದ ನೀರು ಪರದೆ ಕಟ್ಟಿದ ಹಾಗೆ ಸುರಿಯುತ್ತೆ, ನೀವು ಒಳಗೆ ಕಂಬದ ಪಕ್ಕ ಒಣಗಿದ ಕಲ್ಲಿನ ಮೇಲೆ ನಿಂತಿರುತ್ತೀರಿ. ಅಮ್ಮನಿಗೆ ಖಂಡಿತ ಇಷ್ಟವಾಗುತ್ತಿತ್ತು. ಮುಂದಕ್ಕೆ 18 ಕಿಲೋಮೀಟರ್ ಹೋದರೆ ಕಾರ್ಕಳದ ಬಾಹುಬಲಿ, ಆದರೆ ಒದ್ದೆ ಬಂಡೆ ಜಾರುತ್ತೆ, ವಯಸ್ಸಾದವರ ಜೊತೆ ಬೇಡ.

ಊರೊಳಗೆ ಸಂತ ಅಲೋಶಿಯಸ್ ಚಾಪೆಲ್ ಇದೆ. ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಶುರು ಮಾಡಿ ಗೋಡೆ, ಚಾವಣಿ ಎಲ್ಲ ಚಿತ್ರಗಳಿಂದ ತುಂಬಿಸಿದ್ದಾರೆ. ಬೆಂಚಿನ ಮೇಲೆ ಕೂತು ತಲೆ ಎತ್ತಿದರೆ ಒಂದು ಗಂಟೆ ಹೋದದ್ದೇ ಗೊತ್ತಾಗೋದಿಲ್ಲ. ಕದ್ರಿ ದೇವಸ್ಥಾನಕ್ಕೆ ಬೆಳಿಗ್ಗೆ ಹೋಗಿ. ಅಲ್ಲಿನ ಕಂಚಿನ ಲೋಕೇಶ್ವರ ಮೂರ್ತಿಯ ಶಾಸನ ಕ್ರಿ.ಶ. 968ರದು. ಕರಾವಳಿಯ ದೇವಸ್ಥಾನಗಳು ಮಧ್ಯಾಹ್ನದ ಪೂಜೆ, ಊಟ ಮುಗಿದ ಮೇಲೆ ಸಂಜೆ ತನಕ ಬಾಗಿಲು ಹಾಕುತ್ತವೆ. ಅದು ದಿನದ ಪದ್ಧತಿ. ಆ ಹೊತ್ತನ್ನು ಊಟಕ್ಕೆ ಇಟ್ಟುಕೊಳ್ಳಿ.

ಊಟ ಅಂದಾಗ ಇನ್ನೊಂದು ಮಾತು. ನೀವು ಬಂದದ್ದು ಆಟಿ ತಿಂಗಳಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ. ಕೆಸುವಿನ ಎಲೆಗೆ ಅಕ್ಕಿ, ಹುಣಸೆ, ಖಾರದ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸುವ ಪತ್ರೊಡೆಗೆ ಅದೇ ಸರಿಯಾದ ಕಾಲ. ಡಿಸೆಂಬರಿನಲ್ಲಿ ಬಂದು ಬೋಟು, ಬೀಚು ಎಲ್ಲ ನೋಡುವವರಿಗೆ ಈ ರುಚಿ ಸಿಗೋದು ಕಷ್ಟ.

ಇನ್ನು ಮುಂದೆ ನಮ್ಮ ಪ್ರವಾಸ ಲೇಖನಗಳಲ್ಲಿ ವಾರದ ರಜೆ, ಮಳೆಗಾಲದ ಬಂದ್ ಎರಡನ್ನೂ ಮೊದಲೇ ಹಾಕುತ್ತೇವೆ. ನೀವು ಮತ್ತೆ ಹೊರಟರೆ ಮಂಗಳವಾರ ಶುರು ಮಾಡಿ. ಘಾಟಿ ರಸ್ತೆಯಲ್ಲಿ ಗುಡ್ಡ ಕುಸಿದಿದೆಯಾ ಅಂತ ಹಿಂದಿನ ರಾತ್ರಿಯೇ ವಿಚಾರಿಸಿ. ರೂಮು ಹಿಡಿಯುವಾಗ ಅಮ್ಮನಿಗೆ ಹೊಳೆ ಕಾಣುವ ಕಿಟಕಿ ಕೇಳಿ ಪಡೆಯಿರಿ.