ಏಜೆಂಟರು ಯಾರ ಪರ ಎಂಬುದನ್ನು ಮೊದಲು ಕೇಳಿ

ಬಾಗಲಕೋಟೆಯ ನವನಗರದಿಂದ ನ್ಯೂಜೆರ್ಸಿಗೆ ಬಂದು ವರ್ಷವೂ ತುಂಬಿಲ್ಲ, ಮನೆ ಕೊಳ್ಳಲು ಹೊರಟರೆ ಏಜೆಂಟರು ಮನೆ ತೋರಿಸುವ ಮೊದಲೇ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ, ಕನ್ನಡದವರೆಂದು ಅವರನ್ನು ನಂಬಬಹುದೇ ಎಂದು ಕೇಳಿದ್ದೀರಿ. ಅಕ್ಕಾ ಎಂದು ಕರೆದು ಕೇಳಿದ್ದರಿಂದ, ಒಡಹುಟ್ಟಿದ ತಮ್ಮನಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ.

ಸಹಿ ಕೇಳಿದ್ದರಲ್ಲಿ ಮೋಸವಿಲ್ಲ. ಇಲ್ಲಿನ ರಿಯಲ್ಟರ್‌ಗಳ, ಅಂದರೆ ಮನೆ ಏಜೆಂಟರ, ರಾಷ್ಟ್ರೀಯ ಸಂಘವು ಕಮಿಷನ್ ಕುರಿತ ಮೊಕದ್ದಮೆಗಳಲ್ಲಿ ರಾಜಿ ಮಾಡಿಕೊಂಡ ಮೇಲೆ, 2024ರ ಆಗಸ್ಟ್ 17ರಿಂದ, ಕೊಳ್ಳುವವರ ಏಜೆಂಟರು ಮನೆ ತೋರಿಸುವ ಮುನ್ನ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕಾಗಿದೆ. ಅವರ ಕಮಿಷನ್ ಎಷ್ಟೆಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಯಾರಿಂದಲೇ ಆಗಲಿ ಅದಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಅವಧಿಯನ್ನು ಆರು ತಿಂಗಳೆಂದು ಬರೆದಿದ್ದರೆ ಒಂದು ತಿಂಗಳಿಗೆ ಇಳಿಸಿಕೊಳ್ಳಿ.

ನಮ್ಮ ಕಡೆ ಪ್ಲಾಟು ಕೊಳ್ಳುವಾಗ ಒಬ್ಬರೇ ಎರಡೂ ಕಡೆಯಿಂದ ದಲಾಲಿ ಪಡೆದರೆ ಯಾರೂ ತಪ್ಪೆಂದು ಎಣಿಸುವುದಿಲ್ಲ. ಉತಾರ ತೆಗೆಸಿ ನೋಡುವುದು, ನೆರೆಹೊರೆಯವರನ್ನು ವಿಚಾರಿಸುವುದು ನಮ್ಮದೇ ಹೊಣೆ ಎಂದುಕೊಂಡಿರುತ್ತೇವೆ. ಇಲ್ಲಿ ಏಜೆಂಟರು ತಾವು ಯಾರ ಪರ ನಿಂತಿದ್ದಾರೋ ಅವರಿಗೆ ಕಾನೂನಿನಂತೆ ನಿಷ್ಠರಾಗಿರಬೇಕು. ಮನೆಯ ಮುಂದಿನ ಫಲಕದಲ್ಲಿ ಹೆಸರಿರುವವರು ಮಾರುವವರ ಪರವಾದ್ದರಿಂದ, ಅವರು ಎಷ್ಟೇ ಪ್ರೀತಿಯಿಂದ ಮಾತನಾಡಿಸಿದರೂ ನಿಮ್ಮ ಕೈಲಾಗುವ ಮೊತ್ತವನ್ನು ಅವರೆದುರು ಹೇಳಬೇಡಿ. ಒಬ್ಬರೇ ಇಬ್ಬರ ಪರವೂ ನಿಲ್ಲಲು ನ್ಯೂಜೆರ್ಸಿಯಲ್ಲಿ ಇಬ್ಬರ ಲಿಖಿತ ಒಪ್ಪಿಗೆ ಬೇಕು. ನೀವು ಕೊಡದಿರುವುದೇ ಒಳ್ಳೆಯದು.

ಏಜೆಂಟರು ಬೆಲೆ ಏರಿಸಿಯಾರೆಂಬ ಭಯ ಎಲ್ಲರಿಗೂ ಇರುತ್ತದೆ, ಆದರೆ ನನ್ನ ಅನುಭವದಲ್ಲಿ ಹೆಚ್ಚು ಹಾನಿ ಮಾಡುವುದು ಅವರ ಅವಸರ. 5 ಲಕ್ಷ ಡಾಲರ್ ಮನೆಗೆ ಶೇ. 2.5ರಂತೆ ಕಮಿಷನ್ 12,500 ಡಾಲರ್ ಆಗುತ್ತದೆ. ಅವರು ಹಟ ಹಿಡಿದು ನಿಮಗೆ 20,000 ಡಾಲರ್ ಉಳಿಸಿಕೊಟ್ಟರೆ ಅವರು ಕಳೆದುಕೊಳ್ಳುವುದು 500 ಡಾಲರ್ ಮಾತ್ರ. ವ್ಯವಹಾರವೇ ಮುರಿದುಬಿದ್ದರೆ ಅಷ್ಟೂ ಹೋಗುತ್ತದೆ. ನಮ್ಮ ಮೊದಲ ಮನೆಯ ಏಜೆಂಟರು ಇದೇ ಕಾರಣಕ್ಕೆ ಇರಬೇಕು, ಇನ್‌ಸ್ಪೆಕ್ಷನ್, ಅಂದರೆ ಕೊಳ್ಳುವ ಮುನ್ನ ತಜ್ಞರಿಂದ ಮನೆಯ ತಪಾಸಣೆ, ಕೇಳಿದರೆ ಮನೆ ಬೇರೆಯವರ ಪಾಲಾಗುತ್ತದೆ ಎಂದು ಹೆದರಿಸಿದರು. ಅವರೂ ಕನ್ನಡದವರೇ, ಊಟಕ್ಕೆ ಕರೆದು ಜೋಳದ ರೊಟ್ಟಿ ಬಡಿಸಿದವರು. ಆ ಆತ್ಮೀಯತೆಯಿಂದಲೇ ನಾವು ಮರುಮಾತಾಡಲಿಲ್ಲ. ಮೊದಲ ದೊಡ್ಡ ಮಳೆಗೆ ಬೇಸ್‌ಮೆಂಟಿನಲ್ಲಿ ಮೊಣಕಾಲಿನವರೆಗೆ ನೀರು ನಿಂತಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಮನೆ ಬಿಟ್ಟುಕೊಟ್ಟ ಮನೆತನದವಳಾಗಿಯೂ ನೀರಿನ ವಿಷಯವನ್ನು ನಾನು ಕೇಳಲಿಲ್ಲವೆಂಬ ನೋವು ಇಂದಿಗೂ ಇದೆ. ಈಗ, 2024ರ ಮಾರ್ಚ್‌ನಿಂದ, ನ್ಯೂಜೆರ್ಸಿಯಲ್ಲಿ ಮಾರುವವರು ಪ್ರವಾಹದ ಅಪಾಯವನ್ನೂ ಹಿಂದೆ ನೀರು ನುಗ್ಗಿದ್ದರೆ ಅದನ್ನೂ ಬರವಣಿಗೆಯಲ್ಲಿ ತಿಳಿಸಬೇಕು. ಆ ಕಾಗದವನ್ನು ಕೇಳಿ ಪಡೆಯಿರಿ. ಇನ್‌ಸ್ಪೆಕ್ಷನ್ ಮಾಡುವವರನ್ನು ನೀವೇ ಆರಿಸಿ, ತಪಾಸಣೆಯ ದಿನ ಅವರ ಜೊತೆಗೇ ಇರಿ.

ಒಂದು ವಿಷಯದಲ್ಲಿ ಮಾತ್ರ ಏಜೆಂಟರನ್ನು ತಪ್ಪು ತಿಳಿಯಬಾರದು. ನಮ್ಮ ಜನ ಯಾವ ಬಡಾವಣೆಯಲ್ಲಿದ್ದಾರೆ ಎಂದು ಕೇಳಿದಾಗ ಅವರು ಉತ್ತರ ಕೊಡದಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆಂದಲ್ಲ: ಜನಾಂಗ, ಧರ್ಮ, ಮೂಲದೇಶಗಳನ್ನು ನೋಡಿ ಕೊಳ್ಳುವವರನ್ನು ಒಂದು ಕಡೆಗೆ ತಿರುಗಿಸುವುದನ್ನು 1968ರ ವಸತಿ ಸಮಾನತೆಯ ಕಾನೂನು ನಿಷೇಧಿಸಿದೆ. ಉತ್ತರ ಕೊಡದವರೇ ನಿಯಮ ಪಾಲಿಸುವವರು.

ಏಜೆಂಟರು ಸಿದ್ಧಪಡಿಸಿದ ಖರೀದಿ ಕರಾರಿಗೆ ಎರಡೂ ಕಡೆಯವರ ಸಹಿಯಾದ ಮೇಲೆ, ವಕೀಲರಿಂದ ಪರಿಶೀಲಿಸಲು ಈ ರಾಜ್ಯದಲ್ಲಿ ಮೂರು ಕೆಲಸದ ದಿನಗಳ ಅವಕಾಶವಿದೆ. ಆಗ ವಕೀಲರನ್ನು ಹುಡುಕಲು ಹೊರಟರೆ ದಿನಗಳು ಸಾಲವು. ಆದ್ದರಿಂದ ಏಜೆಂಟರು ಹೇಳಿದವರನ್ನಲ್ಲದೆ ಬೇರೊಬ್ಬ ವಕೀಲರನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಏಜೆಂಟರು ಸಹಿ ಕೇಳುತ್ತಿರುವ ಒಪ್ಪಂದದ ಪ್ರತಿಯನ್ನು ಸಹಿ ಮಾಡುವ ಮುನ್ನ ನನಗೂ ಕಳುಹಿಸಿ, ಓದಿ ಹೇಳುತ್ತೇನೆ.